ಬರಿಗಣ್ಣಿಗೆ ಕಾಣಬಹುದು

ನನಗೊಂದು ಸಣ್ಣ ಚಿಂತೆ ಇದೆ. ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಎರಡು ಡೈರಿಗಳಿವೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪನ ಡೈರಿಗೆ ಬೆಳಿಗ್ಗೆ ಸಂಜೆ ಊರಿನವರೆಲ್ಲ ಬಂದು ಹಾಲು ಹಾಕುತ್ತಾರೆ. ನನ್ನ ಡೈರಿಗೆ ಯಾರೂ ಏನೂ ಹಾಕುವುದಿಲ್ಲ. ನಾನೇ ಒಂದು ಮೂಲೆಯಲ್ಲಿ ಕೂತು ನಾಲ್ಕು ಸಾಲು ಹಾಕಿಕೊಳ್ಳುತ್ತೇನೆ. ಅಪ್ಪನದರಲ್ಲಿ ನೀರು ಬೆರೆತರೆ ಯಂತ್ರ ಹೇಳಿಬಿಡುತ್ತದೆ. ನನ್ನದಕ್ಕೆ ಅಂಥ ಯಂತ್ರ ಇನ್ನೂ ಬಂದಿಲ್ಲ.

ಚಿಂತೆ ಏನೆಂದರೆ, ನನಗೆ ‘ಹೌದು’ ಎನ್ನಲೂ ಬಾಯಿ ಬರುವುದಿಲ್ಲ, ‘ಇಲ್ಲ’ ಎನ್ನಲೂ ಬಾಯಿ ಬರುವುದಿಲ್ಲ. ಎರಡರ ನಡುವೆ ಕನ್ನಡದಲ್ಲಿ ‘ಬಹುದು’ ಎಂಬ ಒಂದು ಜಗಲಿ ಇದೆ. ಹುಟ್ಟಿದಾಗಿನಿಂದ ಅದರ ಮೇಲೇ ಕೂತಿದ್ದೇನೆ. ಕಾಫಿ ಕುಡೀತೀಯಾ? ಕುಡೀಬಹುದು. ಈ ಸೀರೆ ಚೆನ್ನಾಗಿದೆಯಾ? ಉಡಬಹುದು. ಸಿರಾದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬರುವ ದಿನ ಮೇಷ್ಟ್ರು ‘ಮುಂದೇನಮ್ಮಾ?’ ಎಂದಾಗಲೂ ‘ಏನಾದರೂ ಮಾಡಬಹುದು ಸಾರ್’ ಎಂದೆ. ಅವರು ಅದನ್ನು ವಿನಯ ಎಂದುಕೊಂಡು ಸಂತೋಷಪಟ್ಟರು. ಈ ಪದ ಎಂಥ ಅಪಾಯದ್ದು ಎಂದು ನನಗೆ ತಿಳಿದದ್ದು ಬಾಲಚುಕ್ಕಿ ಬರುವ ಸುದ್ದಿ ಹಬ್ಬಿದ ಆ ದಸರೆಯಲ್ಲಿ, ಅದು ಅಪ್ಪನ ಮೈಕಿನ ಬಾಯಿಗೆ ಬಿದ್ದಾಗ.

ಅಪ್ಪನ ಹೆಸರು ಜಯರಾಮಯ್ಯ. ಕಳ್ಳಂಬೆಳ್ಳ ಹೋಬಳಿಯ ನಮ್ಮೂರಿನ ಹಾಲಿನ ಡೈರಿಗೆ ಸೆಕ್ರೆಟರಿ. ಸೆಕ್ರೆಟರಿಯ ಮೇಜಿನ ಮೇಲೆ ಒಂದು ಮೈಕು, ಡೈರಿಯ ಮಾಳಿಗೆಯ ಮೇಲೆ ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಸ್ಪೀಕರುಗಳು. ಅಪ್ಪ ಮನೆಯಲ್ಲಿ ಮೆತ್ತಗಿನ ಮನುಷ್ಯ. ಮೈಕು ಕೈಗೆ ಬಂದರೆ ಮಾತ್ರ ಸರ್ಕಾರ ಮಾತಾಡಿದಂತೆ ಮಾತಾಡುತ್ತಾನೆ. ಹಿಂದೊಮ್ಮೆ ದನಗಳಿಗೆ ಕಾಲುಬಾಯಿ ಜ್ವರದ ಸೂಜಿ ಹಾಕುವವರು ಬಂದಿದ್ದಾಗ, “ಹಲೋ, ಹಲೋ, ಎಲ್ರೂ ತಪ್ಪದೇ ಬಂದು ಸೂಜಿ ಹಾಕಿಸ್ಕೋಬೇಕು, ಗಬ್ಬ ಆಗಿರೋರು ಮೊದ್ಲೇ ತಿಳಿಸ್ಬೇಕು” ಎಂದು ಕೂಗಿಬಿಟ್ಟ. ಅವತ್ತು ದನಗಳಿಗಿಂತ ಮೊದಲು ಊರಿನ ಮುದುಕರು ತೋಳು ಮಡಿಸಿ ಸಾಲು ನಿಂತರು, ಆಶಾ ಕಾರ್ಯಕರ್ತೆ ಸೈಕಲ್ಲು ಬಿಸಾಡಿ ಓಡಿಬಂದರು. ಆಗಿನಿಂದ ಅಪ್ಪನಿಗೆ ‘ಹಲೋ ಜಯರಾಮಯ್ಯ’ ಎಂದೇ ಹೆಸರು. ಅಪ್ಪ ಅದನ್ನು ಬಿರುದು ಎಂದುಕೊಂಡಿದ್ದಾನೆ.

ಆ ಸಂಜೆ ನಾನು ಹಾಲಿನ ಕೊಬ್ಬು ನೋಡುವ ಯಂತ್ರದ ಮುಂದೆ ಕೂತಿದ್ದೆ. ಅಪ್ಪ ಪೇಪರು ಹರಡಿಕೊಂಡಿದ್ದ.

“ರಕ್ಷಾ, ಬಾಲಚುಕ್ಕಿ ಬತ್ತದಂತಲ್ಲಮ್ಮ. ಚೀನಾದೋರು ಕಂಡುಹಿಡಿದವ್ರೆ ಅಂತೆ. ನಮ್ಮೂರ್ಗೂ ಕಾಣ್ತದಾ?”

ಇದಕ್ಕೆ ಸರಿಯಾದ ಉತ್ತರ ನನ್ನ ತಲೆಯಲ್ಲಿತ್ತು. ಅದು ಮಂಜು, ಧೂಳು ಸೇರಿ ಗಟ್ಟಿಯಾದ ಉಂಡೆ. ಸೂರ್ಯನ ಹತ್ತಿರ ಹೋಗಿ ಸುತ್ತಿಕೊಂಡು ಬರಬೇಕು. ಆ ಕಾವಿಗೆ ಪುಡಿಯಾದರೂ ಆದೀತು. ಪುಡಿಯಾಗುತ್ತದೆ ಎಂದು ಒಬ್ಬ ವಿಜ್ಞಾನಿ ಬರೆದಿದ್ದರು, ಆಕಾಶ ಬೆಳಗುತ್ತದೆ ಎಂದು ಇನ್ನೊಬ್ಬರು ಬರೆದಿದ್ದರು. ಎರಡೂ ಆಗದೆ ಮಬ್ಬಾಗಿ ಬಂದು ಹೋಗುವುದೂ ಉಂಟು. ಮೇಲೆ ಬೆಳದಿಂಗಳ ಕಾಟ, ಹಿಂಗಾರಿನ ಮೋಡ. ಇಷ್ಟನ್ನೂ ಹೇಳಲು ಬಾಯಿ ತೆರೆದೆ. ಹಾಲಿನ ಕ್ಯಾನು ಹಿಡಿದು ಸಾಲು ನಿಂತಿದ್ದವರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು. ಬಾಯಿಗೆ ಬಂದದ್ದು ಒಂದೇ ಮಾತು:

“ಬರಿಗಣ್ಣಿಗೂ ಕಾಣ್ಬೋದು ಅಪ್ಪ.”

ನಾನು ಹೇಳಿದ್ದು ಅನುಮಾನ. ಅಪ್ಪ ಕೇಳಿಸಿಕೊಂಡದ್ದು ಅನುಮತಿ. ಕನ್ನಡ ಕಟ್ಟಿದವರು ಈ ಎರಡಕ್ಕೂ ಒಂದೇ ಪದ ಇಟ್ಟದ್ದು ಯಾಕೆ ಎಂದು ಕೇಳಲು ಈಗ ಅವರು ಯಾರೂ ಇಲ್ಲ.

“ಹಲೋ, ಹಲೋ,” ಮಾಳಿಗೆಯ ನಾಲ್ಕೂ ಬಾಯಿ ಒಟ್ಟಿಗೆ ಕೆಮ್ಮಿದವು. “ಹಾಲು ಉತ್ಪಾದಕರ ಗಮನಕ್ಕೆ. ದಸರಾ ಕಳೆದ ಸೋಮವಾರ ಸಂಜೆ ಕೆರೆ ಏರಿ ಮ್ಯಾಲೆ, ಪಡುವಲ ದಿಕ್ಕಿಗೆ, ಬಾಲಚುಕ್ಕಿ ಬತ್ತದೆ. ಇದನ್ನ ಬರಿಗಣ್ಣಲ್ಲೇ ನೋಡ್ಬೋದು. ಆದ್ದರಿಂದ ಕನ್ನಡಕ ಇರೋರು ಕನ್ನಡಕ ಮನೇಲೇ ಬುಟ್ಟು ಬರ್ಬೇಕು. ಈ ವಿಷ್ಯಾನ ನನ್ ಮಗಳು ರಕ್ಷಾ, ಬಿ.ಎಸ್ಸಿ., ಖುದ್ದಾಗಿ ತಿಳಿಸವ್ಳೆ.”

ಬಿ.ಎಸ್ಸಿ. ತಲೆ ತಗ್ಗಿಸಿ ಹಾಲಿನ ಪೈಪು ತೊಳೆಯುತ್ತಿದ್ದಳು.

ನಮ್ಮ ಪಕ್ಕದ ಮನೆಯ ಕೆಂಪಯ್ಯನಿಗೆ ಅಪ್ಪನನ್ನು ಕೆಣಕದಿದ್ದರೆ ತಿಂದದ್ದು ಅರಗುವುದಿಲ್ಲ. ಮರುದಿನ ಬೆಳಿಗ್ಗೆ ಕ್ಯಾನು ಇಳಿಸುತ್ತಲೇ ಶುರು ಮಾಡಿದ.

“ಸೆಕ್ರೆಟ್ರಿ, ನಿನ್ ಚುಕ್ಕಿ ಚೀನಾದ್ದಂತೆ?”

“ಚೀನಾದೋರು ನೋಡಿದ್ದು ಕಣಯ್ಯ. ಚುಕ್ಕಿ ಎಲ್ಲರ್ದೂ.”

“ನೋಡು ಮತ್ತೆ. ನನ್ ಮಗ ಚೀನಾ ಟಾರ್ಚು ತಂದಿದ್ದ, ಮನೆ ತಲುಪೋಗಂಟ ಉರೀಲಿಲ್ಲ. ಚೀನಾ ಮಾಲಿಗೆ ಗ್ಯಾರಂಟಿ ಇಲ್ಲ ಕಣಪ್ಪ.”

ವಿಷಯದ ತಿರುಳನ್ನು ಇಷ್ಟು ಚೆನ್ನಾಗಿ ಯಾವ ವಿಜ್ಞಾನಿಯೂ ಹೇಳಿರಲಿಲ್ಲ. ಇದೇ ಸಮಯ ಎಂದು ನಾನು ಅಪ್ಪನನ್ನು ಒಳಗೆ ಕರೆದು, ಅವನಿಗೆ ತಿಳಿಯುವ ಹಾಗೆ ಹೇಳಲು ಹೊರಟೆ. “ಅಪ್ಪ, ಅದು ಎಷ್ಟು ಹೊಳೆಯುತ್ತೆ ಅಂತ ಮುಂಚೆ ಹೇಳೋಕಾಗಲ್ಲ. ಕಡಸು ಕರು ಹಾಕೋಕೆ ಮುಂಚೆ ಇಷ್ಟೇ ಲೀಟ್ರು ಕರೆಯುತ್ತೆ ಅಂದಂಗಾಗುತ್ತೆ.”

ಅಪ್ಪನ ಮುಖ ಅರಳಿತು. “ಅದೇನ್ ಕಷ್ಟ? ತಳಿ ನೋಡಿ ಹೇಳ್ಬೋದಲ್ಲ! ಇದರದ್ದು ಯಾವ ತಳಿ?”

“ಇದು ಮನುಷ್ಯರ ಕಣ್ಣಿಗೆ ಮೊದಲನೇ ಸಲ ಬರ್ತಿರೋದು ಅಪ್ಪ. ಯಾರಿಗೂ ಗೊತ್ತಿಲ್ಲ.”

“ಓ, ಮೊದಲ್ನೇ ಸೂಲು!”

ಮೈಕಿನತ್ತ ಓಡಿದ ಅಪ್ಪನನ್ನು ಹಿಡಿಯುವಷ್ಟರಲ್ಲಿ ಮಾಳಿಗೆ ಕೆಮ್ಮಿತು. “ಹಲೋ, ಹಲೋ. ಬಾಲಚುಕ್ಕಿದು ಇದು ಮೊದಲ್ನೇ ಸೂಲು ಆಗಿರೋದ್ರಿಂದ ಬೆಳಕು ಒಂಚೂರು ಕಮ್ಮಿ ಬಿದ್ರೂ ಬೀಳ್ಬೋದು, ಯಾರೂ ಬೇಜಾರು ಮಾಡ್ಕೋಬಾರ್ದು. ಗುಣಮಟ್ಟ ಚೆನ್ನಾಗಿರ್ತದೆ.”

ಅಲ್ಲಿಂದ ಊರಿಗೆ ಊರೇ ಸಜ್ಜಾಗತೊಡಗಿತು. ಹಿಂದಿನ ಬೀದಿಯ ಚಿಕ್ಕಹನುಮಕ್ಕ ಅಜ್ಜಿ ಪೊರಕೆ ಹಿಡಿದೇ ನಮ್ಮ ಬಾಗಿಲಿಗೆ ಬಂತು. ತಾನು ಸಣ್ಣ ಹುಡುಗಿಯಾಗಿದ್ದಾಗ ಬೆಳಗಿನ ಜಾವ ಒಂದು ಪರಕೆ ಚುಕ್ಕಿ ಬಂದಿತ್ತಂತೆ. “ಇಂಗೆ ಕಣವ್ವ,” ಎಂದು ಪೊರಕೆಯನ್ನು ಆಕಾಶಕ್ಕೆ ಎತ್ತಿ ಕಡ್ಡಿ ಬಿಡಿಸಿ ತೋರಿಸಿತು. “ಆಕಾಸ ಗುಡಿಸಂಗಿತ್ತು. ನಿಮ್ಮಪ್ಪಂದು ಎಷ್ಟುದ್ದ?” ನಮ್ಮಪ್ಪನದು ಎಷ್ಟುದ್ದ ಎಂದು ನಾನು ಹೇಗೆ ಹೇಳಲಿ? “ಉದ್ದ ಇರಬಹುದು ಅಜ್ಜಿ” ಎಂದೆ. ಮಧ್ಯಾಹ್ನದ ಹೊತ್ತಿಗೆ ಅದು ಮಾರುದ್ದ ಆಗಿತ್ತು, ಸಂಜೆಗೆ ಕೆರೆಯಷ್ಟು ಉದ್ದ.

ಪಂಚಾಯ್ತಿಯ ಪಿಡಿಒ ಸಾಹೇಬರು ಬೈಕು ನಿಲ್ಲಿಸಿ ಹೆಲ್ಮೆಟ್ಟು ತೆಗೆಯದೆಯೇ ಕೇಳಿದರು. “ಜಯರಾಮಯ್ಯನೋರೇ, ಏರಿ ಮೇಲೆ ಜನ ಸೇರಿಸ್ತೀರಂತೆ. ಆರ್ಡರ್ ಕಾಪಿ ಎಲ್ಲಿ? ಯಾವ ಕಾರ್ಯಕ್ರಮ ಆದರೂ ಮೇಲಿಂದ ಬರಬೇಕು.”

“ಇದೂ ಮೇಲಿಂದ್ಲೇ ಬರದು ಸಾರ್,” ಎಂದ ಅಪ್ಪ.

ಪಿಡಿಒ ಸಾಹೇಬರು ತುಂಬ ಹೊತ್ತು ಯೋಚಿಸಿದರು. ಅದರಲ್ಲಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ. “ಹಾಗಾದ್ರೆ ಫೋಟೋ ತೆಗೆದು ಗ್ರೂಪಿಗೆ ಹಾಕಿ,” ಎಂದು ಹೊರಟರು.

ಲೈನ್‌ಮನ್ ಭೀಮರಾಜುವನ್ನು ಅಪ್ಪ ಡೈರಿಗೇ ಕರೆಸಿದ್ದ. ಸೋಮವಾರ ಸಂಜೆ ಹೊತ್ತು ಮುಳುಗುತ್ತಲೇ ಬೀದಿದೀಪ ಆರಿಸಬೇಕು, ಕತ್ತಲೆ ಇದ್ದರೆ ಚುಕ್ಕಿ ಚೆನ್ನಾಗಿ ಕಾಣುತ್ತದೆ ಎಂದು ವಿವರಿಸಿದ. ಭೀಮರಾಜುವಿನ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದೆ.

“ಇಷ್ಟು ವರ್ಷ ಕರೆಂಟ್ ಹೋಯ್ತು ಅಂತ ಬೈಸ್ಕೊಂಡಿದೀನಿ ಸಾರ್. ತೆಗಿ ಅಂತ ಕರೆದು ಕಾಫಿ ಕೊಟ್ಟೋರು ನೀವೇ ಮೊದಲು. ಬರೀ ಬೀದಿದೀಪ ಯಾಕೆ? ನಿಮ್ಗೋಸ್ಕರ ಇಡೀ ಊರೇ ತೆಗೀತೀನಿ ಬುಡಿ.”

ಹಾಲಿನ ವೇಳೆಯೂ ಬದಲಾಯಿತು. ಸೋಮವಾರ ಎಲ್ಲರೂ ಹೊತ್ತಿಗೆ ಮುಂಚೆಯೇ ಹಾಲು ತರಬೇಕೆಂದು ಮೈಕು ಹೇಳಿತು. “ನಮ್ಗೇನೋ ಮೈಕಲ್ಲಿ ಹೇಳ್ದೆ,” ಎಂದ ಕೆಂಪಯ್ಯ. “ಹಸುಗೆ ಹೇಳೋರ್ಯಾರು?”

ಇಷ್ಟೇ ಆಗಿದ್ದರೆ ನನ್ನ ಚಿಂತೆ ಸಣ್ಣದೇ. ನಿಜವಾದ ತೊಂದರೆ ಪಾವಗಡದ ಕಡೆಯಿಂದ ಬಂತು.

ಅಮ್ಮನ ತಮ್ಮ ಪರ್ವತಯ್ಯ ವಳ್ಳೂರಿನವನು. ಅಲ್ಲಿಯ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸ. ಕಣ್ಣು ಹರಿದಷ್ಟು ದೂರಕ್ಕೂ ಹಾಸಿರುವ ಗಾಜಿನ ಹಲಗೆಗಳ ನಡುವೆ ದಿನವಿಡೀ ಒಬ್ಬನೇ ಕೂತಿರುವುದರಿಂದ ಫೋನಿನಲ್ಲಿ ಮಾತಾಡುವುದೇ ಅವನ ಉಸಿರು. ನನಗೆ ಒಂದು ಸಂಬಂಧ ಹುಡುಕಿದ್ದ. ಕೊರಟಗೆರೆಯವರು. ಹುಡುಗ ಪ್ರಸನ್ನ ಕುಮಾರ್, ಅಲ್ಲಿ ಯಾವುದೋ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಫೋಟೋ ಅಮ್ಮನ ಫೋನಿಗೆ ಬಂತು. ಹುಡುಗ ಬೈಕಿಗೆ ಒರಗಿ ನಿಂತು, ಫೋಟೋದ ಆಚೆ ಇರುವ ಏನನ್ನೋ ನೋಡುತ್ತಿದ್ದ.

“ಹೆಂಗವ್ನೆ?” ಅಂದಳು ಅಮ್ಮ. ಅಮ್ಮನ ಹೆಸರು ಸರಸಮ್ಮ. ಅವಳು ಪ್ರಶ್ನೆ ಕೇಳುವಾಗ ಉತ್ತರವನ್ನೂ ಜೊತೆಗೇ ತಂದಿರುತ್ತಾಳೆ.

ಹುಡುಗನಲ್ಲಿ ದೋಷವಿರಲಿಲ್ಲ. ಬೈಕಿನಲ್ಲೂ ಇರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ, ಅಷ್ಟೇ. ಏನೂ ಅನ್ನಿಸಲಿಲ್ಲ ಎಂಬುದನ್ನು ಯಾರಿಗೂ ನೋವಾಗದಂತೆ ಹೇಳುವ ಮಾತು ಹುಡುಕುತ್ತಿದ್ದಾಗ, ಹಾಳು ಬಾಯಿಗೆ ಬಂದದ್ದು:

“ನೋಡ್ಬೋದು ಅಮ್ಮ.”

“ಏನ್ರೀ, ಹುಡುಗಿ ನೋಡ್ಬೋದು ಅಂದ್ಲು!” ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. ಅಪ್ಪ ಹಿತ್ತಿಲಿನಿಂದಲೇ ಪರ್ವತಯ್ಯನಿಗೆ ಫೋನು ಮಾಡಿದ. “ನೋಡ್ಬೋದಂತೆ ಕಣೋ, ಬಂದು ನೋಡ್ಬೋದಂತೆ.” ಪರ್ವತಯ್ಯ ಸ್ಪೀಕರಿನಲ್ಲಿ ತನ್ನ ಅರ್ಧ ತೆಲುಗಿನಲ್ಲಿ ಹಿಗ್ಗಿದ. “ಚಾಲಾ ಸಂತೋಷಂ ಬಾವ! ಅಮ್ಮಾಯಿ ಒಪ್ಪಿದ್ಮೇಲೆ ಇಂಕೇಮುಂದಿ? ಅಂದಂಗೆ ಬಾವ, ನಿಮ್ ಬಾಲಚುಕ್ಕಿ ಬೆಳಕಿಗೆ ನಮ್ ಪ್ಯಾನಲ್ಲು ರಾತ್ರೀನೂ ಕರೆಂಟ್ ಕೊಡ್ತಾವಾ ಅಂತ ಸೂಪರ್‌ವೈಜರು ಕೇಳ್ತಾ ಉಂಡಾಡು. ರಕ್ಷಾನ ಕೇಳಿ ಚೆಪ್ಪು.”

ಕನ್ನಡದಲ್ಲಿ ಹೊರಟ ನನ್ನ ‘ಬಹುದು’ ಪಾವಗಡ ಮುಟ್ಟುವಷ್ಟರಲ್ಲಿ ‘ಒಪ್ಪಿದ್ಮೇಲೆ’ ಆಗಿತ್ತು. ಅಲ್ಲಿಂದ ಕೊರಟಗೆರೆಗೆ ಅದು ಏನಾಗಿ ಹೋಯಿತೋ ದೇವರೇ ಬಲ್ಲ. ಸೋಮವಾರ ಸಂಜೆಯೇ ಬರುತ್ತೇವೆ ಎಂದು ಅವರಿಂದ ಫೋನು ಬಂತು. ಅಪ್ಪ ಕುಣಿದಾಡಿದ.

“ಒಂದೇ ಏಟಿಗೆ ಎರಡೂ ನೋಡ್ಬುಡ್ತಾರೆ ಕಣೇ! ಇಲ್ಲಿ ಹೆಣ್ಣು ನೋಡ್ಕೊಂಡು, ಅಲ್ಲಿ ಚುಕ್ಕಿ ನೋಡ್ಕೊಂಡು, ಊಟ ಮಾಡ್ಕೊಂಡು ಹೋಗ್ಲಿ.”

ಹುಡುಗನ ಸೋದರತ್ತೆ ಈಶ್ವರಮ್ಮ ಆ ಮನೆಯಲ್ಲಿ ಎಲ್ಲವನ್ನೂ ನಿರ್ಧರಿಸುವವರು. ಅವರಿಗೆ ಚುಕ್ಕಿಯ ಮೇಲೆ ಅನುಮಾನ ಬಂತು. ಫೋನಿನಲ್ಲಿ ಅಪ್ಪನನ್ನು ನಿಲ್ಲಿಸಿ ಕೇಳಿದರು. “ಅಣ್ಣಾ, ಒಳ್ಳೆ ಕೆಲಸದ ದಿನ ಧೂಮಕೇತು ಬರ್ತದಂತಲ್ಲ. ಅದರ ಹೆಸರಲ್ಲೇ ಕೇತು ಅವ್ನಲ್ಲಾ?”

“ಛೆ ಛೆ, ಧೂಮಕೇತು ಬೇರೆ ತಾಯಿ,” ಎಂದ ಅಪ್ಪ ಒಂದು ಕ್ಷಣವೂ ತಡವರಿಸದೆ. “ಇದು ಬಾಲಚುಕ್ಕಿ. ಕಂಪ್ನಿನೇ ಬೇರೆ.”

ಆಮೇಲೆ ನಾನು ಸುಮ್ಮನಿರಲಿಲ್ಲ. ಧೈರ್ಯ ಕೂಡಿಸಿಕೊಂಡು ಅಪ್ಪನ ಮುಂದೆ ನಿಂತೆ. “ಅಪ್ಪ, ನಾನು ಬಹುದು ಅಂದದ್ದು…”

“ಗೊತ್ತಮ್ಮ. ಬಹುದು ಅಂದ್ರೆ ಪರ್ಮಿಷನ್ನು.”

“ಪರ್ಮಿಷನ್ ಅಲ್ಲ ಅಪ್ಪ. ಆದ್ರೂ ಆಗ್ಬೋದು, ಇಲ್ದೇನೂ ಇರ್ಬೋದು ಅಂತ.”

ಅಪ್ಪ ಮೆಲ್ಲಗೆ ಹೇಳಿದ. “ಊರೋರೆಲ್ಲ ನಗ್ತಾರೆ ಅಂತ ನಂಗೂ ಗೊತ್ತು ಕಣಮ್ಮ. ಸೂಜಿ ವಿಷ್ಯ ಆದಾಗಿಂದ ನಗ್ತಾನೇ ಅವ್ರೆ. ಈ ಸಲ ನೀನು ಹೇಳಿರದು. ಅದ್ಕೇ ನಂಗೆ ಧೈರ್ಯ.”

ನನ್ನ ಡೈರಿಯಲ್ಲಿ ಅವತ್ತು ಬರೆದದ್ದು ಒಂದೇ ಸಾಲು: ‘ಸೋಮವಾರದೊಳಗೆ ಹೇಳಿಬಿಡಬಹುದು.’

ಸೋಮವಾರ ಬಂತು. ಹಸುಗಳು ಹೊತ್ತಿಗೆ ಮುಂಚೆ ಕರೆಯಲು ಒಪ್ಪದೆ ಕೆಚ್ಚಲು ಬಿಗಿಹಿಡಿದವು. ಬಂದಷ್ಟೇ ಹಾಲನ್ನು ಅಪ್ಪ ದೇವರ ತೀರ್ಥದಂತೆ ಅಳೆದು ಸುರಿದ. ಮಧ್ಯಾಹ್ನದಿಂದಲೇ ಪಡುವಲ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತ್ತು. ಅಪ್ಪ ಆಗಾಗ ಹೊರಗೆ ಬಂದು, ಸಾಲ ಕೇಳಲು ಬಂದ ನೆಂಟನನ್ನು ನೋಡುವಂತೆ ಮೋಡವನ್ನು ನೋಡಿ ಒಳಗೆ ಹೋಗುತ್ತಿದ್ದ.

ಕೊರಟಗೆರೆಯವರ ಕಾರು ಹೊತ್ತು ಮುಳುಗುವ ಸಮಯಕ್ಕೆ ಬಂತು. ಈಶ್ವರಮ್ಮ ಮುಂದೆ, ಪ್ರಸನ್ನ ಕುಮಾರ್ ಅವರ ಸೆರಗಿನ ನೆರಳಿನಲ್ಲಿ ಹಿಂದೆ. ನಡುಮನೆಯಲ್ಲಿ ಚಾಪೆ ಹಾಸಿತ್ತು. ಅಮ್ಮ ನನ್ನ ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟು ಬೆನ್ನು ತಟ್ಟಿದಳು. ನಾನು ಹೊಸ್ತಿಲು ದಾಟಿ ನಡುಮನೆಗೆ ಕಾಲಿಟ್ಟೆ. ಅದೇ ಗಳಿಗೆಗೆ ಭೀಮರಾಜು ತನ್ನ ಮಾತು ಉಳಿಸಿಕೊಂಡ. ಇಡೀ ಊರೇ ಕತ್ತಲಾಯಿತು.

ತಟ್ಟೆ ಯಾರ ಕೈಗೆ ಹೋಯಿತೋ ತಿಳಿಯಲಿಲ್ಲ. ಕೆಂಪಯ್ಯನ ಧ್ವನಿಯಲ್ಲಿ “ದ್ರಾಕ್ಷಿ ಗೋಡಂಬಿ ಎಲ್ಲಾ ಹಾಕವ್ರೆ” ಎಂದು ಕೇಳಿಸಿದ್ದರಿಂದ, ಅವನು ಯಾವಾಗಲೋ ಒಳಗೆ ಬಂದು ಕೂತಿದ್ದಾನೆ ಎಂದು ಗೊತ್ತಾಯಿತು.

“ಹೆಣ್ಣು ಬರಿಗಣ್ಣಿಗೆ ಕಾಣಿಸ್ತಾನೇ ಇಲ್ವಲ್ಲಣ್ಣಾ,” ಎಂದರು ಈಶ್ವರಮ್ಮ.

“ಒಂಚೂರು ತಡೀರಿ ತಾಯಿ, ಕಣ್ಣು ಕತ್ಲೆಗೆ ಹೊಂದ್ಕೋಬೇಕು,” ಎಂದ ಅಪ್ಪ. ಇದು ನಾನೇ ಹಿಂದಿನ ದಿನ ಚುಕ್ಕಿಯ ವಿಷಯಕ್ಕೆ ಹೇಳಿಕೊಟ್ಟಿದ್ದ ಮಾತು.

ಈಶ್ವರಮ್ಮ ಫೋನಿನ ಟಾರ್ಚು ಹಚ್ಚಿ ನನ್ನ ಮುಖಕ್ಕೆ ಬಿಟ್ಟರು. ನಾನು ಕಣ್ಣು ಮುಚ್ಚಿದೆ. ಬೆಳಕು ಪ್ರಸನ್ನ ಕುಮಾರನ ಕಡೆ ತಿರುಗಿತು. ಅವನೂ ಕಣ್ಣು ಮುಚ್ಚಿದ್ದ. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವ ಶಾಸ್ತ್ರ ಮುಗಿಯಿತು.

“ಲಕ್ಷಣವಾಗವ್ಳೆ,” ಎಂದರು ಈಶ್ವರಮ್ಮ. “ಮಾತು?”

“ಮೈಕಲ್ಲಿ ಮಾತಾಡ್ತಾಳೆ ಇವತ್ತು, ನೋಡ್ತಿರಿ!” ಎಂದ ಅಪ್ಪ. ನನಗೆ ಈ ಸುದ್ದಿ ಆಗಲೇ ತಿಳಿದದ್ದು.

ಎಲ್ಲರೂ ಏರಿಯ ಕಡೆ ಹೊರಟೆವು. ದಾರಿಯುದ್ದಕ್ಕೂ ಜನ ಒಬ್ಬರ ಹೆಗಲು ಒಬ್ಬರು ಹಿಡಿದು ನಡೆಯುತ್ತಿದ್ದರು. ಕತ್ತಲೆ ಒಂದೇ ಕಾರಣವಲ್ಲ. ಅಪ್ಪನ ಮಾತಿಗೆ ಬೆಲೆ ಕೊಟ್ಟು ಕನ್ನಡಕದವರೆಲ್ಲ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಕೆಂಪಯ್ಯ ಒಂದು ಹುಣಸೆಮರಕ್ಕೆ “ಚೆನ್ನಾಗಿದೀಯಾ ಮಾವ?” ಎಂದು ಕೇಳಿ ಉತ್ತರಕ್ಕಾಗಿ ಕಾದು ನಿಂತ. ಚಿಕ್ಕಹನುಮಕ್ಕ ಅಜ್ಜಿ ಅಳತೆಗೆಂದು ಪೊರಕೆ ತಂದಿತ್ತು. ಪಿಡಿಒ ಸಾಹೇಬರು ಗ್ರೂಪಿಗೆ ಹಾಕಲು ಏರಿಯ, ಜನರ, ಕತ್ತಲೆಯ ಫೋಟೋ ತೆಗೆಯುತ್ತಿದ್ದರು. ಅಪ್ಪ ಡೈರಿಯ ಬ್ಯಾಟರಿ ಮೈಕನ್ನು ಕಂಕುಳಲ್ಲಿ ಕೂಸಿನಂತೆ ಹಿಡಿದುಕೊಂಡಿದ್ದ.

ಕೆರೆಯಾಚೆ ಪಡುವಲು ಪೂರ್ತಿ ಮೋಡ. ಬೆನ್ನ ಹಿಂದೆ ಚಂದ್ರ ಬೇರೆ ಏರುತ್ತಿದ್ದ. ಜನ ನೋಡಿದರು, ಕಾದರು, ಕೆಮ್ಮಿದರು.

“ಸೆಕ್ರೆಟ್ರಿ, ಇನ್ನೂ ಎಷ್ಟೊತ್ತು? ಚೀನಾದಿಂದ ಪಾರ್ಸಲ್ ತಡ ಆಯ್ತಾ?” ಕತ್ತಲೆಯಲ್ಲಿ ಕೆಂಪಯ್ಯನ ಧ್ವನಿ. ಸಣ್ಣ ನಗೆ ಏರಿಯುದ್ದಕ್ಕೂ ಹರಿಯಿತು. ನಾನು ಅಪ್ಪನ ಪಕ್ಕದಲ್ಲೇ ಇದ್ದೆ. ಅವನು ನಗುತ್ತಿರಲಿಲ್ಲ. ಮೈಕನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದ.

ಆಗ ಕೆಳಗಡೆ ಮೋಡ ಒಂದು ಕಡೆ ಹರಿಯಿತು. ಹರಿದ ಜಾಗದಲ್ಲಿ ಒಂದು ಬೆಳಕು ಫಳಕ್ಕನೆ ಹೊಳೆಯಿತು.

“ಬಂತು!”

ಯಾರು ಕೂಗಿದರೋ ಗೊತ್ತಿಲ್ಲ. ಏರಿಗೆ ಏರಿಯೇ ಕೂಗಿತು. ಹೆಂಗಸರು ಕೈ ಮುಗಿದರು. ನಾನು ಮಾತ್ರ ಕೈ ಮುಗಿಯಲಿಲ್ಲ. ಅದು ಶುಕ್ರ. ವಾರದಿಂದ ದಿನಾ ಸಂಜೆ ಅದೇ ಜಾಗದಲ್ಲಿ ನಮ್ಮ ಹಿತ್ತಿಲ ಬೇಲಿಯ ಮೇಲೆ ಕೂತಿರುತ್ತಿದ್ದ ಶುಕ್ರ. ಬಾಲಚುಕ್ಕಿ ಇದ್ದರೆ ಅದರ ಬಲಕ್ಕೆ, ಇನ್ನೂ ಮೇಲೆ, ದಟ್ಟ ಮೋಡದ ಹಿಂದೆ ಇರಬೇಕು.

“ಬಾಲ ಎಲ್ಲಪ್ಪಾ?” ಎಂದು ಯಾರೋ ಕೇಳಿದರು.

“ಐತಲ್ಲಾ! ಎಷ್ಟುದ್ದ ಐತೆ!” ಇದು ಕೆಂಪಯ್ಯ. ಅವನ ಕನ್ನಡಕದ ಗಾಜು ಬಾಟ್ಲಿಯ ತಳದಷ್ಟು ದಪ್ಪ. ಅದಿಲ್ಲದೆ ಅವನಿಗೆ ಊರಿನ ಪ್ರತಿ ಬಲ್ಬಿಗೂ ಬಾಲವಿರುತ್ತದೆ. ಕನ್ನಡಕ ಬಿಟ್ಟು ಬಂದವರೆಲ್ಲರೂ ಹೌದು ಹೌದು ಎಂದರು. ಒಬ್ಬರಿಗೆ ಒಂದು ಬಾಲ, ಇನ್ನೊಬ್ಬರಿಗೆ ಎರಡು. ಬರಿಗಣ್ಣಿನಲ್ಲಿ ನೆಟ್ಟಗೆ ಕಾಣುತ್ತಿದ್ದವರಿಗೆ ಬಾಲ ಕಾಣಲಿಲ್ಲ. ಅವರು ನಾಚಿಕೆಯಿಂದ ಸುಮ್ಮನಾದರು. ಚಿಕ್ಕಹನುಮಕ್ಕ ಅಜ್ಜಿ ಪೊರಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯಿತು. “ನಮ್ ಕಾಲದ್ದು ಆಕಾಸ ಗುಡಿಸ್ತಿತ್ತು. ಇದು ಒಲೆ ಗುಡಿಸಕ್ಕೂ ಆಗಕಿಲ್ಲ. ಹೋಗ್ಲಿ ಬುಡು, ಬಂತಲ್ಲ.”

ಕೆಂಪಯ್ಯ ತಡವರಿಸುತ್ತಾ ಬಂದು, ಮೊದಲು ಪಿಡಿಒ ಸಾಹೇಬರ ಕೈ ಕುಲುಕಿ, ತಪ್ಪು ತಿಳಿದ ಮೇಲೆ ಅಪ್ಪನ ಕೈ ಹಿಡಿದ. “ನಾನೇ ಸೋತೆ ಕಣೋ ಜಯರಾಮ. ನಿನ್ ಮಾತು ನಿಜ ಆಯ್ತು.”

‘ಹಲೋ’ ಇಲ್ಲದೆ ಬರೀ ಜಯರಾಮ ಎಂದು ಯಾರಾದರೂ ಅಪ್ಪನನ್ನು ಕರೆದು ಎಷ್ಟು ಕಾಲವಾಗಿತ್ತೋ. ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. ನಾನೂ ನನ್ನೊಳಗೆ ಒಂದು ತೀರ್ಮಾನಕ್ಕೆ ಬಂದೆ. ಇರಲಿ. ಶುಕ್ರನಿಗೇನೂ ನಷ್ಟವಿಲ್ಲ. ಬಾಲಚುಕ್ಕಿಗೂ ಇದು ತಿಳಿಯುವುದಿಲ್ಲ. ಅಪ್ಪ ಸಂತೋಷವಾಗಿದ್ದಾನೆ. ಅದು ಬಾಲಚುಕ್ಕಿಯೂ ಇರಬಹುದು.

ಇರಬಹುದು. ನನ್ನ ತಲೆಯೊಳಗೂ ಅದೇ ಜಗಲಿ.

“ನೋಡಿದ್ರಾ ತಾಯಿ?” ಅಪ್ಪ ಈಶ್ವರಮ್ಮನ ಕಡೆ ತಿರುಗಿದ. “ನನ್ ಮಗಳು ಹೇಳಿದ್ದು ಸುಳ್ಳಾಗಕಿಲ್ಲ. ಚುಕ್ಕಿ ಕಾಣ್ಬೋದು ಅಂದ್ಲು, ಕಾಣ್ತು. ಹುಡುಗನ್ನ ನೋಡ್ಬೋದು ಅಂದ್ಲು…”

“ನಾವೂ ನೋಡ್ದಂಗಾಯ್ತು,” ಎಂದು ಈಶ್ವರಮ್ಮ ಮುಗಿಸಿದರು. “ಕಾರ್ತೀಕದಲ್ಲೇ ಮಾಡ್ಬುಡಣ. ಏನಪ್ಪಾ ಪ್ರಸನ್ನ, ಆಗ್ಬೋದಾ?”

ಪ್ರಸನ್ನ ಕುಮಾರ್ ತನ್ನ ಚಪ್ಪಲಿಯ ಉಂಗುಷ್ಟವನ್ನೇ ನೋಡುತ್ತಾ ನಿಂತಿದ್ದ. ಕಾಲ ಹೆಬ್ಬೆರಳಿನಿಂದ ಏರಿಯ ಮಣ್ಣು ಕೆದಕಿದ.

“ಆಗ್ಬೋದು ಅತ್ತೆ,” ಎಂದ.

ಆ ಧ್ವನಿ ನನಗೆ ಗೊತ್ತು. ಅದು ನನ್ನದೇ ಧ್ವನಿ. ಕೊರಟಗೆರೆಯಲ್ಲೂ ಯಾರೋ ಅವನ ಮುಂದೆ ಫೋನು ಹಿಡಿದಿದ್ದಾರೆ, ಅವನಿಗೂ ಏನೂ ಅನ್ನಿಸಿಲ್ಲ, ಅವನೂ ‘ನೋಡ್ಬೋದು’ ಎಂದಿದ್ದಾನೆ. ಅದನ್ನು ಹಿಡಿದು ಕಾರಿಗೆ ತುಂಬಿ ಕರೆತಂದಿದ್ದಾರೆ. ಇನ್ನು ನಮ್ಮಿಬ್ಬರನ್ನೂ ಒಂದು ಮನೆಯಲ್ಲಿ ಇಟ್ಟರೆ ಏನಾಗುತ್ತದೆ? ಊಟ ಮಾಡೋಣವಾ? ಮಾಡಬಹುದು. ಮಳೆ ಬರುತ್ತಾ? ಬರಬಹುದು. ಮಲಗೋಣವಾ? ಮಲಗಬಹುದು. ಮುದುಕರಾಗುವವರೆಗೆ ಆ ಜಗಲಿಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತಿರುತ್ತೇವೆ, ಯಾರೂ ಮನೆಯೊಳಗೆ ಹೋಗಿರುವುದಿಲ್ಲ.

ಅಪ್ಪ ಅಷ್ಟರಲ್ಲಿ ಮೈಕಿನ ಗುಂಡಿ ಒತ್ತಿದ್ದ.

“ಹಲೋ, ಹಲೋ. ಬಾಲಚುಕ್ಕಿ ಬಂದೈತೆ, ಎಲ್ರೂ ನೋಡವ್ರೆ. ಇದೇ ಸಂತೋಷದಲ್ಲಿ ಇನ್ನೊಂದು ಸಂತೋಷದ ಸುದ್ದಿ ಐತೆ. ಅದನ್ನ ನನ್ ಮಗಳೇ ತನ್ ಬಾಯಾರೆ ಹೇಳ್ತಾಳೆ. ಹೇಳಮ್ಮ ರಕ್ಷಾ.”

ಮೈಕು ನನ್ನ ಮೂತಿಯ ಮುಂದೆ ಬಂತು. ಏರಿಯ ಮೇಲಿನ ಜನರೆಲ್ಲ, ಅವತ್ತು ಡೈರಿಯಲ್ಲಿ ತಿರುಗಿದ ಹಾಗೆಯೇ, ಒಟ್ಟಿಗೆ ನನ್ನತ್ತ ತಿರುಗಿದರು. ಕತ್ತಲಾಗಿದ್ದರಿಂದ ಒಬ್ಬರ ಕಣ್ಣೂ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ನನಗೆ ಬಾಯಿ ಬಂತು. ಕೆರೆಯಾಚೆ ಶುಕ್ರ ತನ್ನ ಪಾಡಿಗೆ ತಾನು ಹೊಳೆಯುತ್ತಿದ್ದ, ಯಾರ ಬಾಲವನ್ನೂ ಕೇಳದೆ.

“ಅಪ್ಪ,” ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. “ಇದು ಅದಲ್ಲ.”

ಮಾತು ನೀರಿನ ಮೇಲೆ ಹೋಗಿ, ಆಚೆ ದಡಕ್ಕೆ ಬಡಿದು, ‘ಅದಲ್ಲ’ ಎಂದು ತಿರುಗಿ ಬಂತು. ಅಪ್ಪ ಗುಟ್ಟಾಗಿ ಕೇಳಬೇಕೆಂದು ಬಾಯಿಗೆ ಕೈ ಅಡ್ಡ ಹಿಡಿದ. ಆದರೆ ಗುಂಡಿ ಆರಿಸುವುದನ್ನು ಮರೆತ. ಹೀಗಾಗಿ ಅವನ ಗುಟ್ಟು ಕೆರೆಯಾಚೆಯ ಊರಿಗೂ ಕೇಳಿಸಿತು.

“ಯಾವ್ದಮ್ಮಾ ಅಲ್ಲ? ಚುಕ್ಕಿನಾ, ಸಂಬಂಧಾನಾ?”

ಪ್ರಸನ್ನ ಕುಮಾರ್ ಚಪ್ಪಲಿಯಿಂದ ತಲೆ ಎತ್ತಿ, ಮೊದಲ ಸಲ, ನನ್ನನ್ನು ನೋಡಿದ.

“ಎರಡೂ, ಅಪ್ಪ.”